ಮಾವ ತಲೆಗೆ ನೀರು ಹೊಯ್ದುಕೊಂಡು ಬಂದ ದಿನ

ಹೋದ ವರ್ಷ ನಾನು ಮನೆಯಲ್ಲಿ ಕೂತದ್ದಕ್ಕಿಂತ ಬಸ್ಸಿನಲ್ಲಿ ಕೂತದ್ದೇ ಹೆಚ್ಚು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ, ಶಿಕಾರಿಪುರದ ನನ್ನ ಎರಡು ಕೋಣೆಯ ಮನೆಯಲ್ಲಿ ಕೂತು ಬರೆದ ಮೂರನೆಯ ಕಾದಂಬರಿ ಯುಗಾದಿಯ ಹೊತ್ತಿಗೆ ಅಚ್ಚಾಗಿ ಬಂತು. ಮೊದಲಿನ ಎರಡು ಬಂದದ್ದು ನನಗೆ, ಪ್ರಕಾಶಕರಿಗೆ ಮತ್ತು ಅವರ ಗೋದಾಮಿನ ಗೆದ್ದಲಿಗೆ ಬಿಟ್ಟರೆ ಯಾರಿಗೂ ಗೊತ್ತಾಗಿರಲಿಲ್ಲ. ಇದು ಮಾತ್ರ ಹೇಗೋ ಜನರ ಕೈ ಸೇರಿತು. ಒಂದು ಕಾಲೇಜಿನವರು ಕರೆದರು, ಅವರನ್ನು ನೋಡಿ ಇನ್ನೊಂದು ಕಾಲೇಜಿನವರು ಕರೆದರು. ಹಾವೇರಿ, ದಾವಣಗೆರೆ, ಸಾಗರ, ಶಿರಸಿ, ಧಾರವಾಡ. ಕ್ಯಾಲೆಂಡರಿನ ಮನೆಮನೆಯಲ್ಲೂ ಒಂದೊಂದು ಊರಿನ ಹೆಸರು ಕೂತಿತು.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ಹಿತವಾಗಿತ್ತು. ಹೊದಿಸಿದ ಶಾಲುಗಳು ಟ್ರಂಕು ತುಂಬಿ ಹೊಲಿಗೆ ಮಿಷನ್ನಿನ ಮೇಲೆ ಬಂದವು. ಕೊಟ್ಟ ಹಣ್ಣಿನ ಬುಟ್ಟಿಯನ್ನು ಬಸ್ಸಿನಲ್ಲೇ ಬಿಚ್ಚಿ ಪಕ್ಕದವರಿಗೂ ಕೊಟ್ಟು ನಾನೂ ತಿನ್ನುತ್ತಿದ್ದೆ. ಎಷ್ಟೋ ದಿನ ನನ್ನ ರಾತ್ರಿ ಊಟ ಆ ಬುಟ್ಟಿಯ ಬಾಳೆಹಣ್ಣೇ. ಮನೆಗೆ ಬಂದು ಬೀಗ ತೆಗೆದರೆ ಬಾಗಿಲ ಸಂದಿಯಿಂದ ತೂರಿದ ಕರೆಂಟ್ ಬಿಲ್ಲು, ಮದುವೆಯ ಕಾಗದಗಳು ಕಾಲಿಗೆ ಸಿಗುತ್ತಿದ್ದವು. ಆ ದಿನದ ಸಭೆಯಲ್ಲಿ ಯಾರು ಏನಂದರು, ಯಾವ ಹುಡುಗಿ ಹಸ್ತಾಕ್ಷರ ಕೇಳುವಾಗ ಅತ್ತಳು ಎಂದು ಹೇಳಿಕೊಳ್ಳಲು ಬಾಯಿ ತುರಿಸುತ್ತಿತ್ತು. ಹೇಳುವುದಕ್ಕೆ ಯಾರೂ ಇರಲಿಲ್ಲ. ಮೈಕಿನ ಮುಂದೆ ಒಂದು ತಾಸು ಮಾತಾಡಿ ಬಂದವಳು ಮಾರನೆಯ ದಿನ ಹಾಲಿನವನಿಗೆ 'ಅರ್ಧ ಲೀಟರ್ ಸಾಕು' ಎನ್ನುವವರೆಗೆ ಬಾಯಿ ಬಿಡುತ್ತಿರಲಿಲ್ಲ.

ಎಲ್ಲಿ ಹೋದರೂ ಜನ ಓದಿಸುತ್ತಿದ್ದದ್ದು ಒಂದೇ ಅಧ್ಯಾಯ. ಅದರಲ್ಲಿ ಒಬ್ಬ ಮುದುಕಿ ಸಾಯುತ್ತಾಳೆ. ಅವಳ ತಮ್ಮ ಹಿಂದೆ ಯಾವಾಗಲೋ ಹೊಲದ ಬದುವಿನ ಜಗಳದಲ್ಲಿ, 'ಇನ್ನು ನಿನ್ನ ಮನೆಯ ನೀರು ಮುಟ್ಟುವುದು ನೀನು ಸತ್ತ ಮೇಲೆಯೇ' ಎಂದು ಆಣೆ ಮಾಡಿ ಹೋಗಿರುತ್ತಾನೆ. ಸಾವಿನ ಸುದ್ದಿ ಕೇಳಿ ತವರಿನ ಸೀರೆ ಹಿಡಿದು ಬರುತ್ತಾನೆ. ಅಕ್ಕನ ಮೈಮೇಲೆ ಸೀರೆ ಹೊದಿಸಿ, ಅಂಗಳದ ಹಂಡೆಯಿಂದ ಒಂದು ಚೆಂಬು ನೀರು ಮೊಗೆದು ಕುಡಿಯುತ್ತಾನೆ. ಎಲ್ಲಿ ನಿಲ್ಲಿಸಿದರೆ ಸಭೆಯಲ್ಲಿ ಮೂಗೇರಿಸುವ ಸದ್ದು ಕೇಳುತ್ತದೆ ಎಂಬುದು ನನಗೆ ರೂಢಿಯಾಗಿತ್ತು. ಸರಿಯಾಗಿ ಅಲ್ಲಿ ನಿಲ್ಲಿಸಿ, ಬಾಟಲಿಯಿಂದ ಒಂದು ಗುಟುಕು ನೀರು ಕುಡಿಯುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಆ ಮುದುಕಿ ನನ್ನ ದೊಡ್ಡವ್ವ, ನನ್ನ ತಾಯಿಯ ಅಕ್ಕ. ನನಗೆ ಮೂರು ವರ್ಷವಿದ್ದಾಗ ತಾಯಿ ಹೋದಳು. ಸೊರಬದ ಹತ್ತಿರ ಹೊಸಬಾಳೆಯಲ್ಲಿ ದೊಡ್ಡವ್ವನೇ ನನ್ನನ್ನು ಸಾಕಿದಳು. ನನಗೆ ಬರುವ ಕನ್ನಡವೆಲ್ಲ ಅವಳದು. ಕೇರುವಾಗ, ತೊಳೆಯುವಾಗ, ಕಸ ಗುಡಿಸುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಆಮೇಲೆ ಓದಿದ್ದೆಲ್ಲ ಅದಕ್ಕೆ ಹಾಕಿದ ಒಗ್ಗರಣೆ ಅಷ್ಟೆ. ಕಾದಂಬರಿಯ ತಮ್ಮನೂ ಕಲ್ಪನೆಯಲ್ಲ. ಅವನು ದೊಡ್ಡವ್ವನ ತಮ್ಮ, ನನ್ನ ಸ್ವಂತ ಸೋದರಮಾವ ಚೌಡಪ್ಪ. ಶಿರಾಳಕೊಪ್ಪದ ಆಚೆಯ ಹಳ್ಳಿಯವನು. ಹೊಲವಿತ್ತು, ಕುರಿ ಹಿಂಡಿತ್ತು. ಆಣೆಯೂ ನಿಜವೇ. ಬದು ಮಾತ್ರ ನಾನು ಕಟ್ಟಿದ್ದು. ಹೊಲದ ಬದು ಆ ಜಗಳದಲ್ಲಿ ಇರಲೇ ಇಲ್ಲ. ಜಗಳದಲ್ಲಿ ಇದ್ದದ್ದು ನಾನು.

ನನಗೆ ಹತ್ತೊಂಬತ್ತು ನಡೆಯುತ್ತಿತ್ತು. ಮಾವ ನನ್ನನ್ನು ತನ್ನ ಮಗನಿಗೆ ಕೇಳಿಕೊಂಡು ಬಂದ. ಸೋದರಮಾವ ಕೇಳಿದರೆ ಇಲ್ಲ ಎನ್ನುವ ರಿವಾಜು ನಮ್ಮಲ್ಲಿ ಆಗ ಇರಲಿಲ್ಲ. ಅದೇ ವಾರ ನನಗೆ ಶಿಕ್ಷಕರ ತರಬೇತಿಯ ಟಿಸಿಎಚ್ ಸೀಟಿನ ಕಾಗದ ಬಂದಿತ್ತು. ಕೊಟ್ಟಿಗೆಯಲ್ಲಿ ದೊಡ್ಡವ್ವ ಹಾಲು ಕರೆಯುತ್ತಿದ್ದಳು. ಅವಳ ಬೆನ್ನ ಹಿಂದೆ ನಿಂತು, "ನಾನು ಓದ್ಬೇಕು ದೊಡ್ಡವ್ವ" ಎಂದೆ. ಅವಳು ತಿರುಗಿ ನೋಡಲಿಲ್ಲ. ಚೆಂಬು ತುಂಬಿದ ಮೇಲೆ ಎದ್ದು ಜಗಲಿಗೆ ಹೋಗಿ, "ಹುಡುಗಿಗೆ ಮನಸ್ಸಿದೆ, ನನಗಿಲ್ಲ. ನಾನು ಕೊಡಲ್ಲ" ಎಂದು ತಮ್ಮನಿಗೆ ಹೇಳಿದಳು. ಬೇಡ ಎಂದದ್ದು ನಾನು, ಅದನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಅವಳು. ಮಾವ ಕೈಯಲ್ಲಿದ್ದ ನೀರಿನ ಚೆಂಬನ್ನು ಹಾಗೇ ಕೆಳಗಿಟ್ಟು ಆಣೆ ಮಾಡಿ ಎದ್ದು ಹೋದ. ಮುಂದೆ ದೊಡ್ಡಪ್ಪ ತೀರಿಕೊಂಡಾಗ ಬಂದನಾದರೂ ಮನೆಯ ಮುಂದಿನ ಹುಣಸೆ ಮರದ ಕೆಳಗೇ ನಿಂತಿದ್ದು, ಹೆಣ ಎತ್ತಿದ ಮೇಲೆ ಹಾಗೇ ಹೊರಟು ಹೋದ. ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ. ನಾನು ಓದಿದೆ, ನೌಕರಿ ಹಿಡಿದೆ. ಮದುವೆ ಯಾಕೋ ಕೂಡಿ ಬರಲಿಲ್ಲ, ನಾನೂ ಕೂಡಿಸಲಿಲ್ಲ.

ಇಷ್ಟು ಹೇಳಿದರೆ, ಹೋದ ವರ್ಷವಿಡೀ ಊರೂರು ತಿರುಗಿದವಳು ಹೊಸಬಾಳೆಗೆ ಒಮ್ಮೆಯೂ ಯಾಕೆ ಹೋಗಲಿಲ್ಲ ಎಂಬುದು ನಿಮಗೆ ಗೊತ್ತಾಗಿರಬೇಕು. ಫೋನಿನಲ್ಲಿ ಕೇಳಿದರೆ "ಪುರಸೊತ್ತಿಲ್ಲ ದೊಡ್ಡವ್ವ" ಎನ್ನುತ್ತಿದ್ದೆ. ಬದುಕಿರುವವಳನ್ನು ಪುಸ್ತಕದಲ್ಲಿ ಸಾಯಿಸಿ, ಅದೇ ಸಾವನ್ನು ಊರೂರಿನಲ್ಲಿ ಓದಿ ಶಾಲು ಹೊದ್ದುಕೊಂಡವಳು ಯಾವ ಮುಖ ಹೊತ್ತು ಹೋಗಲಿ.

ಕಾರ್ತಿಕ ಮಾಸದಲ್ಲಿ ಶಿರಾಳಕೊಪ್ಪದ ಒಂದು ಕಾಲೇಜಿನಲ್ಲಿ ಕಾರ್ಯಕ್ರಮವಿತ್ತು. ಅವತ್ತು ಸಂತೆಯ ದಿನ. ಓದು ಮುಗಿಸಿ ಶಾಲು ಮಡಚುತ್ತಿದ್ದೆ, ಐವತ್ತು ದಾಟಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ವೇದಿಕೆಯ ಹತ್ತಿರ ಬಂದಳು. ಅಂಗನವಾಡಿಯವರ ಸೀರೆ, ಕಂಕುಳಲ್ಲಿ ನನ್ನದೇ ಪುಸ್ತಕ. ಸಹಿ ಹಾಕಿಸಿಕೊಳ್ಳಲು ಬಂದಳೆಂದು ನಾನು ಪೆನ್ನು ತೆಗೆದೆ.

"ಸಹಿ ಬ್ಯಾಡ ಮೇಡಂ" ಎಂದಳು. "ನಾನು ರೇಣುಕಾ. ಚೌಡಪ್ಪನೋರ ಸೊಸಿ."

ಪೆನ್ನಿನ ಮುಚ್ಚಳ ಮತ್ತೆ ಹಾಕಿದೆ. ನಾನು ಬೇಡ ಎಂದ ಹುಡುಗನ ಹೆಂಡತಿ. ಅವಳನ್ನು ನಾನು ನೋಡಿದ್ದು ಅದೇ ಮೊದಲು.

"ನಿನ್ನೆ ಮಧ್ಯಾಹ್ನ ನಮ್ಮ ಮಾವಗೆ ನಿಮ್ಮ ಪುಸ್ತಕ ಓದಿ ಹೇಳ್ತಿದ್ದೆ ಮೇಡಂ. ನಮ್ಮ ಶಾಂತಿ ಬರದಾಳಂತೆ, ಓದು ಓದು ಅಂತ ಅವರೇ ಗಂಟು ಬಿದ್ದಿದ್ರು. ದಿನಾ ಊಟ ಆದ್ಮೇಲೆ ಒಂದೊಂದು ಪಾಠ. ನಿನ್ನೆ ಆ ಅಕ್ಕ ಸಾಯೋ ಪಾಠ ಬಂತು. ಪೂರ್ತಿ ಕೇಳಿದ್ರು. ಎದ್ದು ಹಿತ್ತಲಿಗೆ ಹೋಗಿ ತೊಟ್ಟಿಯಾಗಿನ ತಣ್ಣೀರು ತಲೆಗೆ ಹೊಯ್ಕೊಂಡ್ರು."

ನಮ್ಮ ಕಡೆ ಹತ್ತಿರದವರ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಇದ್ದಲ್ಲೇ ತಲೆಗೆ ನೀರು ಹೊಯ್ದುಕೊಳ್ಳುತ್ತಾರೆ. ಯಾರು ಹೊಯ್ದುಕೊಂಡರು ಎಂಬುದರ ಮೇಲೆ ಯಾರು ಯಾರಿಗೆ ಏನಾಗಬೇಕು ಎಂದು ಊರಿಗೆ ತಿಳಿಯುತ್ತದೆ.

"ಇದು ಕಾದಂಬರಿ ಅಂತ ಹೇಳಲಿಲ್ವಾ ನೀವು?"

"ಹೇಳ್ದೆ ಮೇಡಂ. ಕಥಿ ರೀ ಮಾವ, ಖರೇ ಅಲ್ಲ ಅಂದೆ. ಅದಕ್ಕವರು, 'ಹುಣಸೆ ಮರ ಖರೇ ಐತಿ, ಚೆಂಬು ಖರೇ ಐತಿ, ನಾ ಆಣೆ ಮಾಡಿದ್ದು ಖರೇ ಐತಿ. ಅಷ್ಟು ಖರೇ ಇದ್ಮ್ಯಾಲೆ ಸಾವೊಂದು ಸುಳ್ಳಾಕ್ಕತೇನು? ನಂಗ್ಯಾರೂ ಹೇಳಿಕಳಿಸಿಲ್ಲ. ಹುಡುಗಿ ಪುಸ್ತಕದಾಗ ಬರದು ಹೇಳಿಕಳಿಸ್ಯಾಳ' ಅಂದ್ರು. ಬೆಳಿಗ್ಗೆ ನಾನು ಅಂಗನವಾಡಿಗೆ ಬಂದಾಗ ಟ್ರಂಕಿನಾಗಿಂದ ಹೊಸ ಸೀರೆ ತಗೊಂಡು ಹೊಂಟು ಹೋಗ್ಯಾರ. ಬಸ್ ಸ್ಟ್ಯಾಂಡಿಗೆ ಓಡಿ ಬಂದೆ. ಚಾದಂಗಡಿಯವರು ಸೊರಬದ ಬಸ್ ಹತ್ತಿದ್ರು ಅಂದ್ರು. ತಿರುಗಿ ನೋಡಿದ್ರೆ ಈ ಕಾಲೇಜಿನ ಗೇಟಿಗೆ ನಿಮ್ಮ ಫೋಟೋ ಕಟ್ಟ್ಯಾರ."

ಅವಳು ಮಾತು ಮುಗಿಸುವಷ್ಟರಲ್ಲಿ ನಾನು ಚೀಲದಿಂದ ಫೋನು ತೆಗೆದಿದ್ದೆ. ದೊಡ್ಡವ್ವನಿಗೆ ಎಂಬತ್ತೆರಡು. ಹಿಂದಿನ ವರ್ಷ ಎದೆನೋವೆಂದು ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದವಳು. ನಲವತ್ತು ವರ್ಷ ಹೊಸಿಲು ತುಳಿಯದ ತಮ್ಮ ಹೆಣದ ಮೇಲೆ ಹಾಕುವ ಸೀರೆ ಹಿಡಿದು ಎದುರು ನಿಂತರೆ ಏನಾಗಬಹುದು. ಅವಳ ಮಗನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಗದ್ದೆ ಕೊಯ್ಲಿನ ದಿನಗಳು, ಗಂಡ ಹೆಂಡತಿ ಇಬ್ಬರೂ ಗದ್ದೆಯಲ್ಲಿರಬೇಕು, ದೊಡ್ಡವ್ವ ಒಬ್ಬಳೇ ಜಗಲಿಯಲ್ಲಿರಬೇಕು. ಊಟ ಮಾಡಿಕೊಂಡು ಹೋಗಿ ಎಂದ ಪ್ರಿನ್ಸಿಪಾಲರಿಗೆ ಕೈಮುಗಿದು ರೇಣುಕಾಳ ಜೊತೆ ಬಸ್ ಸ್ಟ್ಯಾಂಡಿಗೆ ಓಡಿದೆ.

ಸಂತೆಯ ಬಸ್ಸು. ಮೆಣಸಿನಕಾಯಿ ಚೀಲ, ಕೋಳಿ ಬುಟ್ಟಿ, ಸೊಪ್ಪಿನ ಹೊರೆಗಳ ನಡುವೆ ಒಂದು ಕಾಲು ಊರಿ ನಿಂತೆವು. ಡ್ರೈವರ್ ಪ್ರತಿ ಕ್ರಾಸಿನಲ್ಲೂ ನಿಲ್ಲಿಸುತ್ತಿದ್ದ. ಅರ್ಧ ದಾರಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಒಂದಷ್ಟು ಹೊತ್ತು ಇಬ್ಬರೂ ಕಿಟಕಿ ನೋಡಿದೆವು. ಆಮೇಲೆ ಅವಳೇ ಮಾತು ತೆಗೆದಳು.

"ನೀವು ಬ್ಯಾಡ ಅಂದ ಮನಿ ನನಗ ಸಿಕ್ತು ನೋಡ್ರಿ ಮೇಡಂ. ಮದುವಿ ಆದ ಹೊಸದರಾಗ ನಿಮ್ಮ ಮ್ಯಾಲೆ ಬಾಳ ಸಿಟ್ಟಿತ್ತು. ಏನ್ ಮಾಡಿದ್ರೂ, ಶಾಂತಿ ಆಗಿದ್ರೆ ಹಂಗ್ ಮಾಡ್ತಿದ್ಲು ಅಂತಿದ್ರು ಅತ್ತಿ."

"ನನಗೆ ಅನ್ನ ಬಸಿಯೋಕೂ ಬರಲ್ಲ" ಎಂದೆ.

"ಅಯ್ಯ, ಮೊದಲೇ ಹೇಳ್ಬಾರದೇನ್ರಿ. ಎಷ್ಟು ವರ್ಷ ಸುಮ್ನೆ ಹೊಟ್ಟಿ ಉರಕೊಂಡೆ."

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವಳು ಪುಸ್ತಕದ ಮೇಲೆ ಕೈಯಾಡಿಸುತ್ತ ಕೇಳಿದಳು: "ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಇರೋರನ್ನ ಯಾಕ್ರಿ ಸಾಯಿಸಿದ್ರಿ?"

"ಕಥೆಗೆ ಬೇಕಿತ್ತು."

"ಕಥಿಗೆ ಸಾವು ಬೇಕಂದ್ರೆ ನಿಮ್ಮನ್ನೇ ಸಾಯಿಸ್ಕೋಬೌದಿತ್ತಲ್ರಿ. ಯಾರೂ ಕೇಳ್ತಿರಲಿಲ್ಲ."

ತಮಾಷೆಗೇ ಹೇಳಿದ್ದು. ಹೇಳಿದವಳಿಗೇ ಕೆಡುಕೆನಿಸಿ, "ಹಂಗಲ್ಲ ಮೇಡಂ" ಎಂದು ನನ್ನ ಮಂಡಿ ಮುಟ್ಟಿದಳು. "ಇರಲಿ ಬಿಡಿ" ಎಂದೆ. ಆದರೆ 'ಯಾರೂ ಕೇಳ್ತಿರಲಿಲ್ಲ' ಎಂಬ ಆ ಮಾತು ಸೊರಬ ಬರುವವರೆಗೂ ಕಿವಿಯಲ್ಲಿ ಕೂತಿತ್ತು. ಇವತ್ತು ಈ ಬಸ್ಸಿಗೇ ಏನಾದರೂ ಆದರೆ ರೇಣುಕಾಳಿಗಾಗಿ ಒಂದು ಊರೇ ನೀರು ಹೊಯ್ದುಕೊಳ್ಳುತ್ತದೆ. ನನಗೆ ಯಾರು? ಶಾಲು ಹೊದಿಸಿದವರೆಲ್ಲ ಒಂದೊಂದು ಸಾಲಿನ ಸಂತಾಪ ಬರೆಯಬಹುದು. ತಲೆ ಒದ್ದೆಯಾಗುವುದು ಯಾರದು ಎಂದು ಯೋಚಿಸಿದೆ. ಒಂದು ಹೆಸರಾದ ಮೇಲೆ ಇನ್ನೊಂದು ಹೊಳೆಯಲಿಲ್ಲ. ಹೊಳೆದ ಆ ಒಂದು ಹೆಸರನ್ನೂ ನಾನು ಪುಸ್ತಕದಲ್ಲಿ ಸಾಯಿಸಿದ್ದೆ.

ಸೊರಬದಲ್ಲಿ ಇಳಿದು ಆಟೋ ಹಿಡಿದೆವು. ಹೊಸಬಾಳೆಯ ತಿರುವಿನಲ್ಲಿ ಮನೆ ಕಾಣುತ್ತಲೇ ಮೊದಲು ಅಂಗಳ ನೋಡಿದೆ. ಜನ ಸೇರಿರಲಿಲ್ಲ. ದೊಡ್ಡವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಅಲಸಂದೆ ಕೇರುತ್ತಿದ್ದಳು. ಅಂಗಳದ ಆಚೆ ಹುಣಸೆ ಮರದ ಬುಡದಲ್ಲಿ, ಹೆಗಲ ಮೇಲೆ ಕಂಬಳಿ ಹೊತ್ತು, ಕಂಕುಳಲ್ಲಿ ಒಂದು ಪೊಟ್ಟಣ ಅವುಚಿಕೊಂಡು ಮಾವ ನಿಂತಿದ್ದ. ದೊಡ್ಡಪ್ಪ ಸತ್ತ ದಿನ ನಿಂತಿದ್ದ ಅದೇ ಜಾಗ. ಆಣೆ ಮೀರಿ ಮುಂದೆ ಬರುವಂತಿಲ್ಲ, ಬದುಕಿರುವ ಅಕ್ಕನನ್ನು ನೋಡಿ ಹಿಂದೆ ಹೋಗಲೂ ಕಾಲು ಬರುತ್ತಿಲ್ಲ.

"ಬಂದ್ಯೇನೆ ಶಾಂತಿ" ಎಂದಳು ದೊಡ್ಡವ್ವ, ಆಟೋದವನಿಗೆ ದುಡ್ಡು ಕೊಡುವಾಗಿನ ನನ್ನ ದನಿ ಗುರುತು ಹಿಡಿದು. ಕಣ್ಣಿಗೆ ಪೊರೆ ಬಂದು ದೂರದವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. "ವರ್ಷ ಆಯ್ತಲ್ಲೇ ಮಾರಾಯ್ತಿ ಮುಖ ಕಾಣದೆ. ಅಲ್ನೋಡು, ಆವಾಗಿಂದ ಯಾರೋ ಮರದ ಬುಡದಲ್ಲಿ ನಿಂತಿದಾನೆ. ಕಂಬಳಿ ನೋಡಿದ್ರೆ ಗೊಬ್ಬರಕ್ಕೆ ಗದ್ದೇಲಿ ಕುರಿ ಮಂದೆ ನಿಲ್ಸೋನು ಇರ್ಬೇಕು. ಮಗ ಗದ್ದೇಲಿದಾನೆ, ಅಲ್ಲಿಗೆ ಹೋಗಿ ಮಾತಾಡು ಅಂದೆ. ಮಾತೂ ಇಲ್ಲ, ಹೋಗೋದೂ ಇಲ್ಲ. ಕಿವುಡ ಇರ್ಬೇಕು ಪಾಪ."

"ಕಿವುಡ ಅಲ್ಲ" ಎಂದಿತು ಮರದ ಬುಡದ ದನಿ.

ಮೊರ ನಿಂತಿತು. ಒಂದೆರಡು ಅಲಸಂದೆ ಕಾಳು ಜಗಲಿಯಿಂದ ಉರುಳಿ ಅಂಗಳಕ್ಕೆ ಬಿದ್ದವು.

"ಯಾರದು?"

"ನಾನು ಅಕ್ಕಾ. ಚೌಡ."

ದೊಡ್ಡವ್ವ ಆ ಕಡೆಗೆ ಮುಖ ತಿರುಗಿಸಿದಳು. ರೇಣುಕಾ ನನ್ನ ಕೈ ಹಿಡಿದುಕೊಂಡಳು. ನಾನು ದೊಡ್ಡವ್ವನ ಎದೆಯ ಮೇಲಿನ ಸೆರಗನ್ನೇ ನೋಡುತ್ತಿದ್ದೆ, ಅದು ಏರಿಳಿಯುತ್ತಿದೆಯೇ ಎಂದು. ಅವಳು ಬಾಯಿ ಬಿಟ್ಟಾಗ ಬಂದದ್ದು ಸೊರಬದ ಮಾತಲ್ಲ. ಅರವತ್ತೈದು ವರ್ಷದ ಹಿಂದೆ ಮದುವೆಯಾಗಿ ಬರುವಾಗ ತಂದು, ಇಲ್ಲಿಯವರು ಆಡಿಕೊಂಡು ನಕ್ಕರೆಂದು ಬಿಟ್ಟುಬಿಟ್ಟಿದ್ದ ತವರಿನ ಮಾತು.

"ಯಾಕ್ ಬಂದಿ?"

"ನೀ ಸತ್ತಿ ಅಂತ ಬಂದೀನಿ."

"ಯಾರ್ ಹೇಳಿದ್ರು?"

ಮಾವ ನನ್ನ ಕಡೆ ಕೈ ತೋರಿಸಿದ.

ನಾನು ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಪುಸ್ತಕ ಬರೆದದ್ದು, ಅದರಲ್ಲಿ ಅವಳನ್ನು ಸಾಯಿಸಿದ್ದು, ಅದನ್ನು ಊರೂರಿನಲ್ಲಿ ಓದಿದ್ದು. ಮೈಕಿಲ್ಲದೆ ಮಾತಾಡುವುದು ಅಷ್ಟು ಕಷ್ಟ ಎಂದು ಆ ವರ್ಷ ನನಗೆ ಮರೆತೇ ಹೋಗಿತ್ತು.

"ಯಾವಾಗ ಸತ್ತೆ ನಾನು?" ಎಂದಳು ದೊಡ್ಡವ್ವ.

"ಯುಗಾದಿಗೆ ಬಂತು ಪುಸ್ತಕ."

"ಹಂಗಾದ್ರೆ ಎಂಟು ತಿಂಗಳಾತು. ನನಗ್ಯಾರೂ ಹೇಳ್ಲೇ ಇಲ್ಲ ನೋಡು." ಅವಳು ತಮ್ಮನ ಕಡೆ ತಿರುಗಿದಳು. "ಅದೇನದು ಕಂಕುಳಾಗ?"

ಮಾವ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದ. ರೇಣುಕಾ ಮೆಲ್ಲಗೆ, "ಸೀರಿ ರೀ ಅತ್ತಿ" ಎಂದಳು.

"ತಾ ನೋಡೋಣು. ತವರಿನ ಸೀರಿ ಕಂಡು ನಲವತ್ತು ವರ್ಷಾತು."

ಮಾವ ಬರಲಿಲ್ಲ. ರೇಣುಕಾ ತಂದುಕೊಟ್ಟಳು. ದೊಡ್ಡವ್ವ ಕಾಗದ ಬಿಚ್ಚಿ ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದು ಬೆರಳಿನಿಂದ ಅಂಚು ತಡವಿದಳು. ಕಡುನೀಲಿ ಇಳಕಲ್ಲು, ಕೆಂಪು ಸೆರಗು.

"ಅಂಚು ಚೊಲೋ ಐತಿ. ಸತ್ತ ಮ್ಯಾಲೆ ತಂದಿದ್ರೆ ನನಗೇನ್ ಕಾಣ್ತಿತ್ತೋ ಹುಚ್ಚ." ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ನನಗೆ ಹೇಳಿದಳು, "ಒಂದು ಚೆಂಬು ನೀರು ತಗಂಬಾ."

ನಾನು ಹಂಡೆಯಿಂದ ಮೊಗೆದು ತಂದೆ. ಅವಳು ಚೆಂಬು ಹಿಡಿದು, ಗೋಡೆ ಆಸರೆಯಲ್ಲಿ ಎದ್ದು, ಮೆಟ್ಟಿಲು ಇಳಿದು, ಅಂಗಳ ದಾಟಿ ಮರದ ತನಕ ತಾನೇ ನಡೆದಳು. ನಾವು ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದಳು.

"ಕುಡಿ."

"ಆಣೆ ಐತಿ ಅಕ್ಕಾ."

"ನನ್ನ ಹೆಸರಿಗೆ ತಲೆಗೆ ನೀರು ಹೊಯ್ಕೊಂಡಿಯೋ ಇಲ್ಲೋ?"

"ಹೊಯ್ಕೊಂಡೀನಿ."

"ಸೀರಿ ತಂದಿಯೋ ಇಲ್ಲೋ?"

"ತಂದೀನಿ."

"ಹಂಗಾದ್ರೆ ನಿನ್ನ ಪಾಲಿಗೆ ನಾನು ಸತ್ತಾತು. ಆಣೆ ತೀರ್ತು. ಇನ್ನೇನು ಕಾಯ್ತಿ, ಕುಡಿ."

ಮಾವ ಎರಡೂ ಕೈಯಲ್ಲಿ ಚೆಂಬು ತೆಗೆದುಕೊಂಡ. ಚೆಂಬು ಹಲ್ಲಿಗೆ ತಾಗಿ ಟಕಟಕ ಸದ್ದಾಯಿತು. ಅರ್ಧ ಕುಡಿದ, ಅರ್ಧ ಅವನ ಅಂಗಿಯ ಮೇಲೆ ಇಳಿಯಿತು. ಎಷ್ಟೋ ಸಭೆಗಳಲ್ಲಿ ನಾನು ಓದಿ ಜನರನ್ನು ಅಳಿಸಿದ ಜಾಗ ಅದು. ನಾನು ಬರೆದದ್ದರಲ್ಲಿ ಅವನು ನೀರನ್ನು ಒಂದೇ ಉಸಿರಿಗೆ ಗಟಗಟನೆ ಕುಡಿಯುತ್ತಾನೆ. ಹಾಗೆ ಕುಡಿಯಲಾಗುವುದಿಲ್ಲ ಎಂದು ಅವತ್ತು ತಿಳಿಯಿತು.

ಜಗಲಿಯ ಮೇಲೆ ಎಲ್ಲರೂ ಕೂತೆವು. "ಸುಳ್ಳು ಸುದ್ದಿ ಬಂದೋರಿಗೆ ಆಯಸ್ಸು ಗಟ್ಟಿ ಅಂತಾರ್ರಿ ಅತ್ತಿ" ಎಂದು ರೇಣುಕಾ ಹೇಳಿದ್ದಕ್ಕೆ ದೊಡ್ಡವ್ವ, "ಬ್ಯಾಡ ತಾಯಿ, ಇದ್ದದ್ದೇ ಮುಗೀತಿಲ್ಲ" ಎಂದಳು. ಮಾವ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ನನ್ನ ಜೊತೆ ಅವನು ಮೊದಲ ಮಾತು ಆಡಿದ್ದು ಆಗಲೇ.

"ಎಲ್ಲಾ ಖರೇ ಬರದಿ ಶಾಂತಿ. ಒಂದೇ ಒಂದು ಸುಳ್ಳು ಬರದಿ."

"ದೊಡ್ಡವ್ವನ ಸಾವು, ಮಾವ. ತಪ್ಪಾಯ್ತು."

"ಅದಲ್ಲ. ಸಾವು ಇವತ್ತಿಲ್ಲ ನಾಳೆ ಖರೇ ಆಗೋದೇ. ಬದು ಅಂತ ಬರದಿಯಲ್ಲ, ಯಾವ ಬದು? ಬ್ಯಾಡ ಅಂದಾಕಿ ನೀನು. ಅಕ್ಕ ತನ್ನ ಮ್ಯಾಲೆ ಹಾಕ್ಕೊಂಡ್ಲು. ಆಕಿ ಮುಖ ನೋಡಿದ್ರೆ ನನಗ ಗೊತ್ತಾಗಂಗಿಲ್ಲೇನು? ನೀ ಓದಿದ್ದಕ್ಕ ನನಗ ಸಿಟ್ಟಿರಲಿಲ್ಲ. ನನ್ನ ಅಕ್ಕ ನನ್ನ ಮುಂದ ಸುಳ್ಳು ಹೇಳಿದ್ಲಲ್ಲ, ಅದಕ್ಕ ಆಣೆ ಮಾಡ್ದೆ. ಈಗ ನೀನೂ ಅದನ್ನೇ ಹೇಳಿದಿ."

"ಬಿಡೋ, ಪಾಪ" ಎಂದಳು ದೊಡ್ಡವ್ವ. ಆಮೇಲೆ, ನಾನು ಹೆದರಿದ್ದ ಮಾತನ್ನು ಕೇಳಿಯೇಬಿಟ್ಟಳು: "ಅದೇನು ಬರ್ದಿದೀಯೋ ಓದು, ಕೇಳೋಣ. ನಾನು ಹೆಂಗೆ ಸತ್ತೆ ಅಂತ ನನಗೂ ಗೊತ್ತಾಗ್ಲಿ."

ರೇಣುಕಾಳ ಕೈಯಿಂದ ಪುಸ್ತಕ ತೆಗೆದುಕೊಂಡು ಓದಿದೆ. ಸಭೆಯಲ್ಲಿ ನಿಲ್ಲಿಸುತ್ತಿದ್ದ ಜಾಗದಲ್ಲಿ ನಿಲ್ಲಿಸದೆ ಮುಂದೆ ಓದಿದೆ. ದೊಡ್ಡವ್ವ ಅಲಸಂದೆ ಕೇರುತ್ತಲೇ ಕೇಳಿದಳು. ನಡುವೆ ಒಮ್ಮೆ, "ಮುಖಕ್ಕೆ ಬಿಸಿಲು ಬೀಳೋ ಹಂಗೆ ಮಲಗಿಸ್ತಾರೇನೆ ಹೆಣಾನ? ಒಳಗೆ 'ನಡುಮನೇಲಿ' ಅಂತ ಮಾಡು" ಎಂದು ತಿದ್ದಿದಳು. ಮುಗಿದ ಮೇಲೆ ಮೊರ ಬದಿಗಿಟ್ಟಳು.

"ಚೆನ್ನಾಗಿ ಸಾಯಿಸಿದೀಯ. ನನ್ನ ಮಗ ಬಂದ, ಸೊಸೆ ಬಂದ್ಲು, ಇವನು ಬಂದ, ಊರೋರೆಲ್ಲ ಬಂದ್ರು. ನೀನೆಲ್ಲಿದ್ದೆ?"

"ನಾನು ಬರೆಯೋಳಲ್ವಾ ದೊಡ್ಡವ್ವ."

"ಬರ್ಯೋರು ಮನೆಯೋರಲ್ವೇನೆ? ಸಾಕಿದ ದೊಡ್ಡವ್ವ ಸತ್ರೆ ನೀನು ಬರ್ಲಿಲ್ಲ ಅಂತ ಜನ ಆಡ್ಕೊಳಲ್ವಾ? ಪುಸ್ತಕದ ತುಂಬ ಎಲ್ಲಾರೂ ಇದಾರೆ, ನೀನೇ ಇಲ್ಲ."

ಜಗಳದ ಬೇರು ಮುಚ್ಚಲು ನಾನು ಬದು ಕಟ್ಟಿದ್ದೆ, ಬದು ಕಟ್ಟಿದ್ದರಿಂದ ನನ್ನನ್ನೇ ಮನೆಯಿಂದ ತೆಗೆದಿದ್ದೆ. ಇದು ಎಷ್ಟೋ ವಿಮರ್ಶಕರು ಓದಿದ ಪುಸ್ತಕ. ಅಕ್ಷರ ಬಾರದ ಇಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಅದು ಕಂಡಿರಲಿಲ್ಲ.

ಮಾರನೆಯ ದಿನ ಆನವಟ್ಟಿಯಲ್ಲಿ ಕಾರ್ಯಕ್ರಮ ಒಪ್ಪಿಕೊಂಡಿದ್ದೆ. "ಇವತ್ತೊಂದು ದಿನ ಇರೆ" ಎಂದಳು ದೊಡ್ಡವ್ವ. ಮಾತು ಕೊಟ್ಟಿದ್ದೇನೆ ಎಂದೆ. ಮಾವ ಮತ್ತು ರೇಣುಕಾ ಉಳಿದರು. ಸಂಜೆಯ ಬಸ್ಸಿಗೆ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಅಕ್ಕ ತಮ್ಮ ಇಬ್ಬರೂ ಒಂದೇ ಮೊರದಲ್ಲಿ ಕಲ್ಲು ಆರಿಸುತ್ತಿದ್ದರು. ಅವರ ತವರಿನ ಮಾತು ಅಷ್ಟು ದೂರದವರೆಗೂ ಕೇಳುತ್ತಿತ್ತು. ದೊಡ್ಡವ್ವನ ಮಾತು ಕೇಳಿ ಬೆಳೆದ ನನಗೆ ಅಲ್ಲಿ ಕೂರಲು ಪುರಸೊತ್ತಿರಲಿಲ್ಲ. ಆನವಟ್ಟಿಯಲ್ಲಿಯೂ ಅದೇ ಅಧ್ಯಾಯ ಕೇಳಿದರು. ಬೇರೆಯದನ್ನು ಓದಿದೆ. ಯಾರೂ ಅಳಲಿಲ್ಲ. ಶಾಲು ಹೊದಿಸಿದರು.

ವರ್ಷ ಮುಗಿಯುವವರೆಗೂ ಹೀಗೇ ನಡೆಯಿತು. ಮಾವ ಎಂಟು ದಿನ ಇದ್ದು ಹೋದನಂತೆ. ಆಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದನಂತೆ. ಎಲ್ಲ ಫೋನಿನಲ್ಲಿ ಕೇಳಿದ್ದು. ಹೋಗಬೇಕು ಎಂದುಕೊಳ್ಳುತ್ತಲೇ ನಾನು ಇನ್ನೊಂದು ಬಸ್ಸು ಹತ್ತಿದೆ.

ಈ ವರ್ಷದ ಬೇಸಿಗೆ ಕಳೆಯುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಫೋನು ಬಂತು. ರೇಣುಕಾ. ಅವಳು ನನ್ನನ್ನು ಯಾವಾಗಲೂ ಮೇಡಂ ಎನ್ನುತ್ತಿದ್ದಳು.

"ಶಾಂತಕ್ಕ" ಎಂದಳು. "ಮಾವ ಹೋದ್ರು. ನೀರು ಹೊಯ್ಕೊಳ್ರಿ."

ಅಷ್ಟೇ ಹೇಳಿ ಇಟ್ಟಳು. ಇನ್ನೂ ಎಷ್ಟೋ ಜನರಿಗೆ ಹೇಳುವುದಿತ್ತು ಅವಳಿಗೆ.

ಬಚ್ಚಲಿಗೆ ಹೋಗಿ ಉಟ್ಟ ಸೀರೆಯಲ್ಲೇ ಕೂತು ತಣ್ಣೀರು ಹೊಯ್ದುಕೊಂಡೆ. ಒಂದು ಚೆಂಬು, ಎರಡು, ಮೂರು. ಅದೇ ಹೊತ್ತಿಗೆ ಹೊಸಬಾಳೆಯಲ್ಲಿ ದೊಡ್ಡವ್ವನೂ ಹೊಯ್ದುಕೊಳ್ಳುತ್ತಿರಬೇಕು. ಮಾವನಿಗಾಗಿ ಅಳು ಬಂತು. ಜೊತೆಗೆ ಇನ್ನೊಂದು ಬಂತು, ಅದನ್ನು ಏನೆಂದು ಕರೆಯಲಿ. ನೀರು ಹೊಯ್ದುಕೋ ಎಂದು ಹೇಳಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನನ್ನ ಮನೆ ಈಗಲೂ ಬೀಗದ ಮನೆಯೇ. ಶಾಲುಗಳು ಈಗಲೂ ಹೊಲಿಗೆ ಮಿಷನ್ನಿನ ಮೇಲೆಯೇ ಇವೆ. ಒಂಟಿತನ ಒಂದು ಚೆಂಬು ನೀರಿಗೆ ತೊಳೆದು ಹೋಗುವಂಥದ್ದಲ್ಲ. ಆದರೂ ಆ ಬೆಳಿಗ್ಗೆಯ ತಣ್ಣೀರು ಇವತ್ತಿಗೂ ನನ್ನ ನೆತ್ತಿಯ ಮೇಲಿದೆ.

ಅವತ್ತು ಸಂಜೆ ಸಾಗರದಲ್ಲಿ ಒಂದು ಸಭೆಯಿತ್ತು. ಅದುವರೆಗೆ ಒಪ್ಪಿಕೊಂಡ ಒಂದನ್ನೂ ನಾನು ತಪ್ಪಿಸಿರಲಿಲ್ಲ. ತಲೆಯಿಂದ ಇನ್ನೂ ನೀರು ಇಳಿಯುತ್ತಿರುವಾಗಲೇ ಅವರಿಗೆ ಫೋನು ಮಾಡಿದೆ.

"ಇವತ್ತು ಬರೋಕಾಗಲ್ಲ" ಎಂದೆ. "ನಮ್ಮ ಮನೇಲಿ ಸಾವಾಗಿದೆ."